ಬ್ಯಾಡಗಿಯ ಕಡಲ್ಗಳ್ಳ

ಮಧ್ಯಾಹ್ನದ ತನಕ ಆಕಾಶದಲ್ಲಿ ಹಿಡಿ ಹತ್ತಿಯಷ್ಟೂ ಮೋಡವಿರಲಿಲ್ಲ. ಹೊತ್ತು ಇಳಿಯುತ್ತಿದ್ದಂತೆ ಹಾವೇರಿಯ ದಿಕ್ಕಿನಿಂದ ಕಪ್ಪಗೆ ಎದ್ದು ಬಂದ ಮಳೆ ಬ್ಯಾಡಗಿಯ ಶಾಲೆಯ ಬಯಲಿನ ಮೇಲೆ ಹೇಗೆ ಸುರಿಯಿತೆಂದರೆ, ನಾಟಕ ನೋಡುತ್ತ ಕೂತಿದ್ದ ಮಂದಿ ಖುರ್ಚಿಗಳನ್ನೇ ತಲೆಯ ಮೇಲೆ ಹೊತ್ತುಕೊಂಡು ದಿಕ್ಕಾಪಾಲಾಗಿ ಓಡಿದರು. ಕರೆಂಟು ಹೋಯಿತು. ಪರದೆ ಬಿತ್ತು. ಮಂಗಳ ಹಾಡದೆಯೇ ನಾಟಕ ಮುಗಿಯಿತು. ಮುಗಿಯಿತು ಎನ್ನುವುದಕ್ಕಿಂತ, ಅಲ್ಲಿಗೇ ನಿಂತಿತು ಎನ್ನುವುದು ಸರಿ.

ಬಣ್ಣ ಹಚ್ಚಿಕೊಂಡಿದ್ದವರು ಮನೆಗೆ ಹೋಗಲಾರದೆ, ಬಯಲಿಗೆ ಹತ್ತಿಕೊಂಡೇ ಇದ್ದ ಯೂಸುಫಸಾಬರ ಅಂಗಡಿ ಹೊಕ್ಕರು. ಅದು ಸುತ್ತಲಿನ ಊರುಗಳಿಗೆಲ್ಲ ನಾಟಕದ ಪರದೆ ಮತ್ತು ವೇಷಗಳನ್ನು ಬಾಡಿಗೆಗೆ ಕೊಡುವ ಅಂಗಡಿ. ಗೋಡೆಯ ಮೇಲೆ ಕಿರೀಟ, ಗದೆ, ಋಷಿಗಳ ಗಡ್ಡ. ಈ ವರ್ಷ ಅವುಗಳ ಪಕ್ಕಕ್ಕೇ ತಲೆಬುರುಡೆಯ ಬಾವುಟ, ಒಕ್ಕಣ್ಣಿಗೆ ಕಟ್ಟುವ ಕರಿ ಪಟ್ಟಿ, ಬಾಗಿದ ಕತ್ತಿ ಬಂದು ಕೂತಿದ್ದವು. ಯಾಕೆಂದರೆ ಆ ವರ್ಷ ಎಲ್ಲಿ ನೋಡಿದರೂ ಕಡಲ್ಗಳ್ಳರು. ಕೇಬಲ್ ಟೀವಿಯಲ್ಲಿ ಹಿಂದಿಗೆ ಇಳಿಸಿದ ಕಡಲ್ಗಳ್ಳರ ಸಿನಿಮಾ, ಹಾವೇರಿ ಬಸ್ ಸ್ಟ್ಯಾಂಡಿನ ಅಂಗಡಿಗಳಲ್ಲಿ ಪ್ಲಾಸ್ಟಿಕ್ಕಿನ ಕತ್ತಿ, ರಾಣೇಬೆನ್ನೂರಿನ ಸಂತೆಯಲ್ಲಿ ಬುರುಡೆ ಚಿತ್ರದ ಬನಿಯನ್ನು. ಸಮುದ್ರವೆಂದರೆ ಒಂದು ದಿನದ ದಾರಿ. ಆದರೂ ಓಣಿಯ ಮಕ್ಕಳು ಒಂದು ಕಣ್ಣು ಕಟ್ಟಿಕೊಂಡು ಹುಣಸೆ ಗಿಡ ಹತ್ತಿ, ಎಮ್ಮೆ ಹಾಯ್ದು ಹೋದರೆ ಹಡಗು ಬಂತೆಂದು ಕೂಗುತ್ತಿದ್ದವು. ಆ ಮಕ್ಕಳಿಗೆಂದೇ ಯೂಸುಫಸಾಬರು ಕಡಲ್ಗಳ್ಳನ ನಾಟಕ ಕಲಿಸಿ, ಹೆಂಗಸರು ಮಕ್ಕಳು ನೋಡಲಿ ಎಂದು ಮಧ್ಯಾಹ್ನದ ಆಟ ಇಟ್ಟಿದ್ದರು.

ಕಡಲ್ಗಳ್ಳರ ನಾಯಕನ ಪಾತ್ರ ಭುವನಾಳದು. ಬಿ.ಎ. ಎರಡನೆಯ ವರ್ಷದ ಹುಡುಗಿ. ಎತ್ತರ ಇದ್ದಳು, ಮಾತು ಕಡಿಮೆ. ಅಜ್ಜ ಓದುತ್ತಿದ್ದ ಪುರಾಣದ ಪದ್ಯಗಳನ್ನು ಚಾಪೆಯ ಅಂಚಿನಲ್ಲಿ ಕೂತು ಕೇಳುತ್ತ ಬೆಳೆದವಳು, ಶ್ರಾವಣದಲ್ಲಿ ಮಠದ ಕಟ್ಟೆಯ ಮೇಲೆ ವಚನ ಹಾಡುವವಳು. ಆ ದನಿ ಕೇಳಿಯೇ ಯೂಸುಫಸಾಬರು ಪಾತ್ರ ಕೊಟ್ಟದ್ದು. ಅವಳ ಅಪ್ಪ ಫಕ್ಕೀರಪ್ಪ ಮೆಣಸಿನಕಾಯಿ ದಲಾಲಿ. ಮಗಳು ಕಳ್ಳನ ವೇಷ ಹಾಕುತ್ತಾಳೆಂದಾಗ ಊಟದ ತಾಟು ಬಿಟ್ಟು ಎದ್ದಿದ್ದ. ಇವತ್ತು ಬಂದರೂ, ಯಾರಾದರೂ ಕೇಳಿದರೆ ಛತ್ರಿ ಕೊಡಲು ಬಂದಿದ್ದೆ ಎನ್ನೋಣವೆಂದು, ಬಿಸಿಲಲ್ಲೂ ಛತ್ರಿ ಹಿಡಿದು ಕಡೆಯ ಸಾಲಿನಲ್ಲಿ ಕೂತಿದ್ದ.

ಈಗ ಅದೇ ಅಪ್ಪ, ಅಂಗಡಿಯ ಹೊಸ್ತಿಲಲ್ಲಿ ಆ ಛತ್ರಿ ಮಡಚುತ್ತ, ಬಾಯಿ ತುಂಬ ಮಾತಾಡುತ್ತಿದ್ದ.

"ಬಿದ್ದದ್ದು ಬಿಡ್ರಿ ಮಾಸ್ತರ. ಬೀಳಾಕ ಎಲ್ಲಾರಿಗೂ ಬರತೈತಿ. ಮಂದಿ ವನ್ಸ್‌ಮೋರ್ ಅಂತ ಕೂಗಿದ ಮ್ಯಾಲ ಎದ್ದಳಲ್ಲ, ಅದನ್ನ ಹೇಳ್ರಿ. ಹುಲಿ ಎದ್ದಂಗ ಎದ್ದಳು. ಬಾಜೂ ಕುಂತಾವ ನನ್ನ ತೊಡಿಗೆ ಬಡದು ಕೇಳಿದ, ಯಾರ ಮಗಳ್ರಿ ಇಕಿ ಅಂತ. ಏನಂದೆ ಅಂತೀರಿ? ನನ್ನ ಮಗಳು ಅಂದೆ. ದೊಡ್ಡ ದನೀಲೆ ಅಂದೆ."

"ಸಾವ್ಕಾರ್ರ, ಈ ಊರಾಗ ಸಾವಿಗೆ ವನ್ಸ್‌ಮೋರ್ ಬಿದ್ದು ಎಷ್ಟ ವರ್ಸಾಗಿತ್ತೋ," ಎಂದರು ಯೂಸುಫಸಾಬರು, ಸ್ಟೋವಿಗೆ ಪಂಪು ಹೊಡೆಯುತ್ತ. "ಊರಿನ ಮರ್ಯಾದಿ ಉಳಿಸ್ಯಾಳ ಹುಡುಗಿ. ಮುಂದಿನ ವಾರ ಊರಿನ ನಾಟಕ ಸಂಘದಾವ್ರು ಶಾಲು ಹೊಚ್ಚತಾರ, ನೋಡಕೋತ ಇರ್ರಿ."

ಭುವನಾ ಪರದೆಯ ಸುರುಳಿಗಳ ಮೇಲೆ ಕೂತಿದ್ದಳು. ಅಪ್ಪನ ಮುಖದಲ್ಲಿ ಆ ಬೆಳಕನ್ನು ಅವಳು ಹಿಂದೆಂದೂ ಕಂಡಿರಲಿಲ್ಲ. ಅದಕ್ಕೇ ಅವಳು ಚಹಾದ ಲೋಟವನ್ನು ಬಾಯಿಗೆ ಹಚ್ಚದೆ ಹಿಡಿದುಕೊಂಡೇ ಕೂತಿದ್ದಳು.

ಯಾಕೆಂದರೆ ಅವಳು ಎದ್ದಿರಲಿಲ್ಲ.

ನಡೆದದ್ದು ಇಷ್ಟು. ನಾಟಕದ ಕಡೆಗೆ, ಸೆರೆಸಿಕ್ಕ ರಾಜಕುಮಾರಿ ಕಡಲ್ಗಳ್ಳನ ಎದೆಗೆ ಚೂರಿ ಹಾಕುತ್ತಾಳೆ. ಅವನು ಹಡಗಿನ ಅಟ್ಟದ ಮೇಲಿಂದ ಹಿಂದಕ್ಕೆ ಉರುಳಿ ಸಮುದ್ರಕ್ಕೆ ಬೀಳುತ್ತಾನೆ. ಸಮುದ್ರವೆಂದರೆ ಅಟ್ಟಕ್ಕೂ ಹಿಂದಿನ ಪರದೆಗೂ ನಡುವೆ ಹಾಸಿದ ಗಾದಿ. ಮಂದಿಗೆ ಅದು ಕಾಣಿಸುವುದಿಲ್ಲ. ಭುವನಾ ಬಿದ್ದಳು. ಬೀಳುವಾಗ ನಡುವಿಗೆ ಕಟ್ಟಿದ್ದ ಕೆಂಪು ಶಲ್ಯೆ ಮೊಳೆಗೆ ಸಿಕ್ಕು, ಗಾದಿ ತಪ್ಪಿ ಅಟ್ಟದ ಕೆಳಗೆ ಸರಿದು, ಬೆನ್ನು ರಂಗದ ಹಲಗೆಗೆ ಬಡಿದು ಉಸಿರು ನಿಂತಂತಾಯಿತು. ವನ್ಸ್‌ಮೋರ್, ವನ್ಸ್‌ಮೋರ್ ಎಂದು ಬಯಲು ಗುಡುಗಿದ್ದು ಕೇಳಿಸಿತು. ಜನ್ಮದಲ್ಲಿ ಒಮ್ಮೆ ಕೇಳಬೇಕೆಂದು ಹಂಬಲಿಸಿದ್ದ ಕೂಗು. ಏಳಬೇಕೆಂದರೂ ಏಳಲಾಗಲಿಲ್ಲ, ಕೂಗಬೇಕೆಂದರೂ ದನಿ ಬರಲಿಲ್ಲ. ಅಷ್ಟರಲ್ಲಿ ಬಯಲು ಒಮ್ಮೆಲೇ ಮೌನವಾಗಿ, ಮರುಕ್ಷಣ ಸಿಳ್ಳೆಯ ಮೇಲೆ ಸಿಳ್ಳೆ. ತಲೆಯ ಮೇಲಿನ ಅಟ್ಟದ ಹಲಗೆ ಯಾರದೋ ಭಾರಕ್ಕೆ ಕಿರುಗುಟ್ಟಿತು. ಸಂದಿಯಿಂದ ನೋಡಿದಳು. ಎರಡು ಕಾಲು. ಅವಳು ತೊಟ್ಟಿದ್ದು ಬಾಡಿಗೆಯ ಬೂಟು. ಆ ಕಾಲುಗಳು ಬರಿಗಾಲು. ಮೊಣಕಾಲ ತನಕ ಕಪ್ಪಗೆ, ಎಣ್ಣೆ ಸವರಿದಂತೆ ಮಿಂಚುತ್ತಿದ್ದವು. ಆಮೇಲೆ ಗುಡುಗು, ಮಳೆ, ಕತ್ತಲೆ. ಅವಳು ಶಲ್ಯೆ ಹರಿದುಕೊಂಡು ಹೊರಬಂದಾಗ ಅಟ್ಟದ ಮೇಲೆ ಯಾರೂ ಕಾಣಲಿಲ್ಲ.

ಇದನ್ನು ಹೇಳಿದರೆ ಅಪ್ಪನ ಮುಖದ ಬೆಳಕು ಆರಿಹೋಗುತ್ತದೆ. ಹೇಳದಿದ್ದರೆ, ತನ್ನದಲ್ಲದ ಶಾಲು ಹೊದ್ದುಕೊಂಡು ಮಠದ ಕಟ್ಟೆಯ ಮೇಲೆ ಮತ್ತೆ ಹೇಗೆ ಬಾಯಿ ತೆರೆಯುವುದು?

"ಯಾಕ ಸುಮ್ಮನ ಕುಂತೀಯಲೇ ಕಳ್ಳಾ," ಎಂದು ಸ್ನೇಹಾ ಅವಳ ಭುಜ ತಿವಿದಳು. ರಾಜಕುಮಾರಿಯ ಪಾತ್ರ ಮಾಡಿದ್ದ ಗೆಳತಿ. ನೆನೆದ ಜರಿ ಲಂಗದಲ್ಲಿ ಮಂಡಕ್ಕಿ ಮಿರ್ಚಿ ತಿನ್ನುತ್ತಿದ್ದಳು. "ಸತ್ತದ್ದು ನೀನು, ತಾಲೀಮಿನಾಗ ಚೂರಿ ಹಾಕಿ ಹಾಕಿ ಕೈ ನೋಯಾಕತ್ತಿದ್ದು ನನಗ."

"ಆಕೀನ ಹಂಗ ಬಿಡು ತಂಗಿ," ಎಂಬ ದನಿ ಮೂಲೆಯಿಂದ ಬಂತು.

ಗೋದೂಬಾಯಿ ಅಲ್ಲಿ ಕೂತಿದ್ದು ಆಗಲೇ ಎಲ್ಲರ ಗಮನಕ್ಕೆ ಬಂದದ್ದು. ಹಿಂದಿನ ಕಾಲದ ಕಂಪನಿ ನಾಟಕಗಳಲ್ಲಿ ಹೆಸರು ಮಾಡಿದ ನಟಿ. ಈಗ ಎಪ್ಪತ್ತರ ಮೇಲಾಗಿ, ಯೂಸುಫಸಾಬರ ಅಂಗಡಿಯ ಹಿಂದಿನ ಕೋಣೆಯಲ್ಲಿದ್ದುಕೊಂಡು ವೇಷಗಳಿಗೆ ಹೊಲಿಗೆ ಹಾಕಿಕೊಡುತ್ತಿದ್ದರು. ಆ ಮಧ್ಯಾಹ್ನ ಮುಂದಿನ ಸಾಲಿನಲ್ಲಿ ಕೂತು ನಾಟಕ ನೋಡಿದವರು, ಮಳೆ ಬಂದಾಗಲೂ ಏಳಲಿಲ್ಲ; ಕಡೆಗೆ ಯೂಸುಫಸಾಬರೇ ಅವರನ್ನು ಕೈಹಿಡಿದು ಒಳಗೆ ಕರೆತಂದಿದ್ದರು. ಅವರ ಕಣ್ಣು ಭುವನಾಳ ಹರಿದ ಶಲ್ಯೆಯ ಮೇಲಿತ್ತು.

"ಸ್ಟೋ ಆರಿಸು ಯೂಸುಫಾ. ಅದರ ಸಪ್ಪಳದಾಗ ನನ್ನ ದನಿ ಕೇಳಂಗಿಲ್ಲ. ಎಲ್ಲಾರೂ ಹತ್ತರ ಬರ್ರಿ. ಸಾವ್ಕಾರ್ರ, ನೀವೂ ಒಳಗ ಬಂದು ಕುಂದ್ರಿ, ಹೊಸ್ತಲ ಮ್ಯಾಲ ನಿಂದರಬ್ಯಾಡ್ರಿ. ಮಳಿ ನಿಂದರೂ ಮಟಾ ಒಂದ್ ಸಂಗತಿ ಹೇಳತೇನಿ."

ಮಂಕು ಲಾಟೀನಿನ ಸುತ್ತ ಎಲ್ಲರೂ ಕೂತರು. ಗೋದೂಬಾಯಿ ಎಲೆಗೆ ಸುಣ್ಣ ಸವರಿದರು. ಬಾಯಿಗೆ ಹಾಕಿಕೊಳ್ಳಲಿಲ್ಲ.

"ಈಗಿನ ಹುಡುಗೂರು ತಿಳಕೊಂಡಾವು, ಕಡಲ್ಗಳ್ಳ ಅಂದ್ರ ಟೀವ್ಯಾಗಿಂದ ಬಂದಾವ ಅಂತ. ಇಲ್ಲ ತಂಗಿ… ನಮ್ಮ ಬ್ಯಾಡಗಿಗೆ ಅಂವಾ ಟೀವಿಕಿಂತಾ ಮೊದಲ ಬಂದಾನ. ಚೀನಾ ಯುದ್ಧದ ಹಿಂದಿನ ವರ್ಸ. ಮೆಣಸಿನಕಾಯಿ ಸುಗ್ಗಿ, ಪ್ಯಾಟಿ ತುಂಬ ಮಂದಿ, ನಮ್ಮ ಕಂಪನಿ ಇಲ್ಲೇ ಮಾರ್ಕೆಟ್ ಹಿಂದ ಕ್ಯಾಂಪ್ ಹಾಕಿತ್ತು. ಆದ್ರ ಏನ ಮಾಡೂದು, ಆಟಕ್ಕ ಮಂದೀನ ಇಲ್ಲ. ಯಾಕ? ರಾಣೇಬೆನ್ನೂರಾಗ ಇನ್ನೊಂದ್ ಕಂಪನಿ ಬಂದಿತ್ತು, ಅವರು ಸ್ಟೇಜಿನ ಮ್ಯಾಲ ಖರೇ ಕುದರಿ ತರತಿದ್ರು. ನಮ್ಮ ಊರಿನ ಮಂದೀನೂ ಚಕ್ಕಡಿ ಕಟಗೊಂಡು ಕುದರಿ ನೋಡಾಕ ಹೊಂಟಬಿಟ್ರು. ಅವಾಗ ನಮ್ಮ ಮನ್ಯಾರು ಮಾಲಕರ ಮುಂದ ನಿಂತು ಅಂದ್ರು, 'ಅವರು ಕುದರಿ ತಂದ್ರ ತರವಲ್ರ್ಯಾಕ, ನಾವು ಹಡಗ ತರೂಣು.'"

"ಸದಾಶಿವರಾಯರು, ಕುಪ್ಪೇಲೂರಿನವರು," ಎಂದರು ಯೂಸುಫಸಾಬರು ಮಕ್ಕಳಿಗೆ. ಗಂಡನ ಹೆಸರನ್ನು ಗೋದೂಬಾಯಿ ಬಾಯಿಬಿಟ್ಟು ಹೇಳುವವರಲ್ಲವೆಂದು ಅವರಿಗೆ ಗೊತ್ತಿತ್ತು.

"ಹಡಗ ತರೂಣು ಅಂದ್ರು… ಯಾರ ನೋಡಿದ್ರು ಹಡಗ? ಕುಪ್ಪೇಲೂರಾಗ ಹುಟ್ಟಿದ ಮನಷಾ, ತುಂಗಭದ್ರಾ ಹೊಳೀ ದಾಟಿದ್ದ ದೊಡ್ಡದು. ಮಾಲಕರ ಕಡೆ ಒಂದ್ ಕಡ್ಡಿಪೆಟಗಿ ಇತ್ತು, ಅದರ ಮ್ಯಾಲ ಹಡಗಿನ ಚಿತ್ರ. ಅದನ್ನ ತಗೊಂಡು ಅಗಡಿಗೆ ಹೋಗಿ ಬಡಿಗ್ಯಾನ ಕೈಯಾಗ ಕೊಟ್ರು, ಇಂಥಾದ ಒಂದ ಮಾಡಿಕೊಡು ಅಂತ. ಬಡಿಗ್ಯಾ ತಿರಿವಿ ಮುರಿವಿ ನೋಡಿ ಕೇಳಿದ, 'ಇದರ ಆ ಕಡೀ ಬಾಜೂ ಹೆಂಗಿರತೈತ್ರಿ?' ಮಾಲಕರು ಅಂದ್ರು, 'ಮಂದಿ ಈ ಕಡೀಗಷ್ಟ ಕುಂದ್ರತಾರೋ ಮಾರಾಯಾ, ಆ ಕಡೀದು ನಿನಗ್ಯಾಕ ಬೇಕು.'"

ಫಕ್ಕೀರಪ್ಪ ಬಾಯಿ ತೆರೆದು ನಕ್ಕ. ಗೋದೂಬಾಯಿಯೂ ಒಂದಿಷ್ಟು ನಕ್ಕರು.

"ನಗ್ರಿ, ನಗ್ರಿ. ಆದ್ರ ಆ ಹಡಗ ಸ್ಟೇಜಿನ ಮ್ಯಾಲ ಬಂದ ದಿನಾ ಯಾರೂ ನಗಲಿಲ್ಲ. ಚಕ್ಕಡಿ ಗಾಲಿ ಮ್ಯಾಲ ಕುಂಡ್ರಿಸಿದ್ದ ಅದನ್ನ, ನಾಕ ಮಂದಿ ಹಿಂದಿನಿಂದ ದಬ್ಬಿದ್ರ ತೇಲಕೋತ ಬಂದಂಗ ಬರತಿತ್ತು. ಹಾಯಿ ಯಾವುದು ಅಂತೀರಿ? ನಿಮ್ಮ ಮೆಣಸಿನಕಾಯಿ ಚೀಲಾನ ಬಿಚ್ಚಿ ಕೂಡಿಸಿ ಹೊಲದದ್ದು, ನನ್ನ ಕೈಲೆ ಹೊಲದೇನಿ. ಹಾಯಿ ಇಳಿಬಿಟ್ರ ಸಾಕು, ಘಾಟು ಹಾರಿ ಮುಂದಿನ ಸಾಲಿನ ಸಾವ್ಕಾರ್ರೆಲ್ಲಾ ಸೀನಕೋತ ಕಣ್ಣೀರ ಒರಸಕೋತ ಕುಂದ್ರತಿದ್ರು. ಹಾವೇರಿ ಮಂದಿ ಹೇಳಕೋತ ಹೋದ್ರು, ಬ್ಯಾಡಗಿ ಕಳ್ಳ ಬಂದ್ರ ಖರೇನ ಕಣ್ಣೀರ ಬರತಾವು ಅಂತ. ಹದಿನೈದ ದಿನದಾಗ ರಾಣೇಬೆನ್ನೂರಿನ ಕುದರಿ ನೋಡಾವ್ರು ಯಾರೂ ಇಲ್ಲ. ಕುದರಿ ಕಂಪನಿ ಮಾಲಕ ತಾನ ಬಂದು ನಮ್ಮ ಆಟಕ್ಕ ಟಿಕೀಟ ತಗಸಿ ಕುಂತಿದ್ದ, ತಲೀಗೆ ಟವೆಲ್ ಸುತಗೊಂಡು.

"ಅವರು ಹೆಂಗ ಕಾಣತಿದ್ರು ಕೇಳ್ರಿ… ತಲೀಗೆ ಕೆಂಪ ರುಮಾಲು, ಕಿವ್ಯಾಗ ನನ್ನ ಬೆಂಡೋಲಿ, ಒಂದ್ ಕಣ್ಣಿಗೆ ಹರದ ಛತ್ರೀದ ಕರೇ ಅರಬಿ. ಎಲ್ಲಾ ಕೂಡಿತು, ಬೂಟ ಕೂಡಲಿಲ್ಲ. ಮೊಣಕಾಲ ಮಟಾ ಬೂಟ ಬೇಕು ಕಳ್ಳಗ. ಎಲ್ಲಿಂದ ತರಬೇಕು? ದೀಪದ ಮಸಿಗೆ ಔಡಲೆಣ್ಣಿ ಕಲಸಿ, ಬರಿಗಾಲಿಗೆ ಮೊಣಕಾಲ ಮಟಾ ತಿಕ್ಕೊಂಡಬಿಡತಿದ್ರು. ಗ್ಯಾಸಬತ್ತಿ ಬೆಳಕಿಗೆ ಹೊಸಾ ಬೂಟಿನಂಗ ಮಿಂಚತಿದ್ದುವು ಆ ಕಾಲು."

ಭುವನಾ ಕೈಯಲ್ಲಿದ್ದ ಚಹಾದ ಲೋಟವನ್ನು ನೆಲಕ್ಕಿಟ್ಟಳು. ತಾನು ಆ ಕಾಲಿನ ಮಾತನ್ನು ಇನ್ನೂ ಯಾರ ಮುಂದೆಯೂ ಆಡಿರಲಿಲ್ಲ. ಗೋದೂಬಾಯಿ ಅವಳತ್ತ ನೋಡಿದರು, ಏನೂ ಕೇಳಲಿಲ್ಲ.

"ಪ್ಯಾಟ್ಯಾಗ ಹೊಂಟ್ರ ಹುಡುಗೂರು ಬೆನ್ನ ಹತ್ತತಿದ್ದುವು. ದಲಾಲ್ರು ಅಂಗಡಿಯಿಂದ ಇಳದು ಬಂದು ಕೈ ಹಿಡದು ಚಹಾಕ್ಕ ಕರೀತಿದ್ರು, 'ಬರ್ರಿ ಕಳ್ಳಪ್ಪಾರ' ಅಂತ. ಕಳ್ಳ ಅನ್ನೂದು ಅವರಿಗೆ ಬಿರುದಾಗಿತ್ತು ನೋಡ್ರಿ. ರಾಜಾನ ಪಾರ್ಟ ಮಾಡಿದಾವ್ರು ಹಿಂದ ಉಳದ್ರು, ದೇವರ ಪಾರ್ಟ ಮಾಡಿದಾವ್ರಿಗೂ ಯಾರೂ ಚಹಾ ಕೊಡಲಿಲ್ಲ. ಕಳ್ಳ ಮಾತ್ರ ನಮ್ಮಾವ ಅಂತಿದ್ರು ಮಂದಿ. ಯಾಕ ಅಂದೀರಿ? ನೀರ ಕಾಣದ ಊರಿಗೆ ಸಮುದ್ರಾನ ಎಳಕೊಂಡ ಬಂದಾವ ಅವನ.

"ಈಗ ವನ್ಸ್‌ಮೋರಿನ ಮಾತ… ಹಾಡಿಗೆ ವನ್ಸ್‌ಮೋರ್ ಎಲ್ಲಾ ಊರಾಗೂ ಕೇಳತಾರ. ಸಾವಿಗೆ ವನ್ಸ್‌ಮೋರ್ ಕೇಳೂ ಮಂದಿ ಈ ಸೀಮ್ಯಾಗಷ್ಟ ನಾ ಕಂಡದ್ದು. ಕಳ್ಳ ಬಿದ್ದ, ಸತ್ತ, ಇನ್ನ ಮಂಗಳ ಹಾಡಬೇಕು ಅನ್ನೂದ್ರಾಗ ಕೂಗತಿದ್ರು. ನಮ್ಮ ಕಳ್ಳನ್ನ ಒಂದ ಏಟಿಗೆ ಕಳಿಸಿ ಕೊಡೂದ ಅವರಿಗೆ ಕೂಡತಿದ್ದಿಲ್ಲ. ಏಳಬೇಕು, ಮತ್ತ ಆ ಮಾತ ಆಡಬೇಕು, ಮತ್ತ ಸಾಯಬೇಕು. ಇವರೋ… ಮಂದಿ ಕೇಳಿದ ಮ್ಯಾಲ ಇಲ್ಲ ಅಂದಾವ್ರಲ್ಲ. ಎದ್ದ ಏಳತಿದ್ರು. ಚೂರಿ ಹಾಕಾಕಿ ಯಾರು? ನಾನ. ದಿನಾ ಸಂಜಿಗೆ ಕಟ್ಟಿಕೊಂಡ ಗಂಡಗ ಚೂರಿ ಹಾಕೂ ಪಾರ್ಟು. ಎದಿಗೆ ಒರಗಿ ಚೂರಿ ಒತ್ತಿದಾಗ, ಅವರ ಬಾಯಿ ನನ್ನ ಕಿವಿ ಹಂತ್ಯಾಕ ಬರತಿತ್ತು. ಮಂದಿಗೆ ಅದು ಸಾಯೂ ಮನಷಾನ ಕಡೀ ಉಸರು. ನನಗ ಮಾತ್ರ ಕೇಳತಿತ್ತು, 'ಗೋದೂ, ರಾತ್ರಿಗೆ ಏನ ಪಲ್ಯಾ ಮಾಡೀದಿ?'"

ಸ್ನೇಹಾ ಕಿಸಕ್ಕನೆ ನಕ್ಕು ಬಾಯಿಗೆ ಲಂಗದ ಚುಂಗು ಒತ್ತಿಕೊಂಡಳು. ಹೊರಗೆ ಮಳೆಯ ಸದ್ದು ಇನ್ನಷ್ಟು ದಪ್ಪವಾಯಿತು. ಗೋದೂಬಾಯಿ ಸುಣ್ಣ ಸವರಿದ ಎಲೆಯನ್ನು ಮಡಚಿದರು.

"ಕ್ಯಾಂಪಿನ ಕಡೀ ಐತವಾರ. ಮಧ್ಯಾನ್ನದ ಆಟ. ಮುಂಜಾನಿಂದ ಎದಿ ಹಿಡದೈತಿ ಅನಕೋತಿದ್ರು, ಬೆನ್ನಿಗೆ ಬಿಸಿನೀರ ಹಾಕಿದೆ, ಓಂಕಾಳ ಕೊಟ್ಟೆ, ಇವತ್ತ ಬ್ಯಾಡ ಅಂದೆ. 'ರಾಣೇಬೆನ್ನೂರಿಂದ ಚಕ್ಕಡಿ ಮ್ಯಾಲ ಚಕ್ಕಡಿ ಬಂದಾವ, ಹಾವೇರಿಯವ್ರು ನಡಕೊಂಡ ಬಂದಾರ. ಅವರಿಗೆ ಏನಂತ ಹೇಳಿ ಕಳಸಲಿ, ಕಳ್ಳಗ ವಾಯು ಆಗೇತಿ ಅಂತಲೇನ?' ಅಂದ್ರು. ಮಸಿ ತಿಕ್ಕೊಂಡ್ರು. ಮೊದಲನೇ ಅಂಕ ಹೆಂಗೋ ಮುಗೀತು. ಎರಡನೇ ಅಂಕದ ಮೊದಲ ಒಂದ್ ಗಳಿಗಿ ಒಳಗ ಚಾಪಿ ಮ್ಯಾಲ ಒರಗಿದ್ರು, ನಾ ನನ್ನ ಸೀರಿ ಬದಲ ಮಾಡಾಕ ಹೋದೆ. ಬಂದು ನೋಡಿದ್ರ ಚಾಪಿ ಖಾಲಿ, ಇವರು ಆಗಲೇ ಹಡಗಿನ ಮ್ಯಾಲ ನಿಂತಾರ. ಚಲೋ ಆತು ಅನಕೊಂಡೆ, ಆರಾಮಾಗೇತಿ ಅಂತ.

"ಆ ದಿನಾ ಹಾಡಿದ್ರಲ್ಲ… ಅಂಥಾ ಹಾಡು ನಾ ಹಿಂದ ಕೇಳಿದ್ದಿಲ್ಲ, ಮುಂದ ಕೇಳಲಿಲ್ಲ. ಪೇಟಿ ಬಾರಸಾವ ಸೂರ ಬಿಟ್ಟು ಬಾಯಿ ತಕ್ಕೊಂಡ ಕುಂತ. ಕೆಳಗ ಕುಂತ ಮಂದ್ಯಾಗ ಒಬ್ಬರೂ ಸೀನಲಿಲ್ಲ. ಕಡೀಕ ಚೂರಿ ಹಾಕಿದೆ, ಬಿದ್ರು. ವನ್ಸ್‌ಮೋರ್. ಎದ್ರು. ಮತ್ತ ಹಾಕಿದೆ. ವನ್ಸ್‌ಮೋರ್. ಆ ಸಲ ಎದಿಗೆ ಒರಗಿದಾಗ ಗೊತ್ತಾತು ನನಗ… ಬಾಯಿ ಕಿವಿ ಹಂತ್ಯಾಕ ಬಂತು, ಪಲ್ಯಾದ ಮಾತ ಬರಲಿಲ್ಲ. ಮಾತ ಹೋಗ್ಲಿ… ಉಸರ ತಾಗಲಿಲ್ಲ. ಎದಿ ಅನ್ನೂದು ಹೊಳ್ಯಾಗಿನ ಕಲ್ಲಿನಂಗ ತಣ್ಣಗ. ನಾ ಒದರಬೇಕಿತ್ತೇನು? ಆದ್ರ ಮುಖಾ ನೋಡಿದೆ ತಂಗಿ. ಆ ಮುಖದಾಗ ಎಂಥಾ ಡೌಲು ಇತ್ತು ಅಂತೀ. ಮಂದಿ ಕೂಗತಿದ್ರು, ಇವರು ಏಳತಿದ್ರು. ನಾ ಚೂರಿ ಹಾಕತಿದ್ದೆ. ಮಂದಿ ಕೂಗಿ ಕೂಗಿ ದನಿ ಬಿದ್ದ ಮ್ಯಾಲ ಅವರು ಏಳೂದ ಬಿಟ್ರು.

"ಡಾಕ್ಟರ್ ಆ ದಿನಾ ಆಟಕ್ಕ ಬಂದಿದ್ದಿಲ್ಲ, ಪ್ಯಾಟಿಯಿಂದ ಕರಸಿದ್ವಿ. ಕೈ ಹಿಡದು ನೋಡಿದ್ರು, ರೆಪ್ಪಿ ಎತ್ತಿ ನೋಡಿದ್ರು. ನನ್ನ ಕಡೆ ತಿರುಗಿ ಸಿಟ್ಟೀಲೆ ಕೇಳಿದ್ರು, 'ಇಷ್ಟೊತ್ತು ಯಾಕ ಹೇಳಿ ಕಳಸಲಿಲ್ಲ? ಜೀವ ಹೋಗಿ ತಾಸಿನ ಮ್ಯಾಲಾಗೇತಿ, ಮೈ ಸೆಟದೈತಿ.' ತಾಸಿನ ಹಿಂದ ಅಂದ್ರ ಏನ್ರಿ? ಎರಡನೇ ಅಂಕ ಸುರು ಆಗಿದ್ದಿಲ್ಲ. ಚಾಪಿ ಮ್ಯಾಲ ಒರಗಿದ್ದ ಹೊತ್ತು ಅದು. ಹಂಗಾರ ಆ ಹಾಡು ಹಾಡಿದ್ದು ಯಾರು? ನಾ ಚೂರಿ ಹಾಕಿದ್ದು ಯಾರಿಗೆ?"

ಗೋದೂಬಾಯಿ ಬೆನ್ನು ನೆಟ್ಟಗೆ ಮಾಡಿ ಕೂತರು. ಆ ಮುದಿ ಬೆನ್ನಿನಲ್ಲಿ ಒಂದು ಕಾಲದ ರಾಜಕುಮಾರಿ ಕಂಡಳು.

"ನಾ ಅತ್ತೆನೇನ ಅಂತೀರಿ? ಅತ್ತೆ. ಆದ್ರ ಅಳುಕಿಂತಾ ಹೆಮ್ಮಿ ದೊಡ್ಡದಾಗಿತ್ತು. ಸತ್ತ ಮ್ಯಾಲ ಯಾವ ನಟ ಪಾರ್ಟ ಮುಗಿಸಿಕೊಟ್ಟಾನ ಹೇಳ್ರಿ. ನನ್ನ ಗಂಡ ಕೊಟ್ಟಾರ. ಬ್ಯಾಡಗಿ ಮಂದಿ ಕೇಳಿದ್ರು, ಅವರು ಕೊಟ್ಟರು.

"ಅಂದಿನಿಂದ ಇಲ್ಲಿ ಮಟಾ ಈ ಮೂರ ಊರಾಗ ಕಡಲ್ಗಳ್ಳನ ಆಟಾ ಭಾಳ ಆಗ್ಯಾವ. ಹಾವೇರ್ಯಾಗ ಕಾಲೇಜ ಹುಡುಗೂರು ಮಾಡಿದ್ರು, ರಾಣೇಬೆನ್ನೂರಾಗ ಗಣಪತಿ ಮುಂದ ಮಾಡಿದ್ರು. ಎಲ್ಲೆ ಮಾಡಿದ್ರೂ ನಾ ಹೋಗಿ ಕುಂತೇನಿ. ಕಳ್ಳ ಬೀಳತಾನ. ಮಂದಿ ಕೂಗಲಿಲ್ಲಂದ್ರ ಏನೂ ಇಲ್ಲ, ಮಂಗಳ ಹಾಡಿ ಮನೀಗೆ. ಕೂಗಿದ್ರೋ… ಏಳೂದು ಬ್ಯಾರೇನ ಇರತೈತಿ. ಬಿದ್ದ ಹುಡುಗ ಎರಡನೇ ಸಲ ಎದ್ದಾಗ ಎತ್ತರ ಇರತಾನ, ಡೌಲೀಲೆ ನಿಂದರತಾನ. ಮರುದಿನ ಆ ಹುಡುಗನ ಮನೀಗೆ ಹೋಗಿ ಕೇಳೇನಿ, 'ಎದ್ದದ್ದು ನೀನ ಏನಪಾ?' ಎಲ್ಲಾರೂ ಅಂತಾರ, 'ಹೌದ್ರಿ ಆಯಿ, ನಾನ.' ಅನ್ನಲಿ ಬಿಡ್ರಿ. ಆ ಚಪ್ಪಾಳಿ ನಂದಲ್ಲ ಅಂತ ಯಾವ ನಟ ಬಾಯಿ ಬಿಟ್ಟ ಹೇಳಿಯಾನು? ಇಷ್ಟ ವರ್ಸದಾಗ ಒಬ್ಬನೂ ಹೇಳಿಲ್ಲ."

ಇಷ್ಟು ಹೇಳಿ ಅವರು ಎಲೆಯನ್ನು ಬಾಯಿಗೆ ಹಾಕಿಕೊಂಡರು. ಭುವನಾಳ ಕಡೆ ನೋಡಲಿಲ್ಲ. ನೋಡದೆ ಇರುವುದೇ ಅವರ ಕೇಳುವ ರೀತಿ ಎಂದು ಭುವನಾಳಿಗೆ ಅರ್ಥವಾಯಿತು.

ಅಪ್ಪ ಮಡಚಿದ ಛತ್ರಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಇನ್ನೂ ಅದೇ ಬೆಳಕಿನ ಮುಖದಲ್ಲಿ ಕೂತಿದ್ದ. ಭುವನಾ ಎದ್ದು ನಿಂತಳು. ಮಠದಲ್ಲಿ ಹಾಡುವ ಮುಂಚೆ ಕಣ್ಣು ಮುಚ್ಚುವಂತೆ ಒಮ್ಮೆ ಮುಚ್ಚಿ ತೆರೆದಳು.

"ಅಪ್ಪಾ, ನಾ ಎದ್ದಿಲ್ಲ."

"ಏನು?"

"ಎರಡನೇ ಸಲ ಎದ್ದದ್ದು ನಾ ಅಲ್ಲ. ನಾ ಹಲಗಿ ಕೆಳಗ ಬಿದ್ದಿದ್ದೆ, ಶಲ್ಯೆ ಮೊಳೀಗೆ ಸಿಕ್ಕಿತ್ತು. ಮ್ಯಾಲ ಯಾರೋ ಬಂದು ನಿಂತ್ರು. ಬರಿಗಾಲು. ಮೊಣಕಾಲ ಮಟಾ ಮಸಿ. ಆಯಿ ಹೇಳಿದಂಗನ. ಅದಕ್ಕ ಶಾಲು ನನಗ ಬ್ಯಾಡ. ನೀ ಬಾಜೂದಾವ್ರಿಗೆ ಹೇಳಿದ್ದು… ಅದೂ ಸುಳ್ಳಾತು ಅಪ್ಪಾ."

ಫಕ್ಕೀರಪ್ಪ ಛತ್ರಿಯ ಹಿಡಿಕೆಯನ್ನು ತಿರುಗಿಸುತ್ತಿದ್ದ. ಹಾಳಾಯಿತು, ಇನ್ನು ನಾಟಕದ ಮಾತು ಮನೆಯಲ್ಲಿ ಎತ್ತುವಂತಿಲ್ಲ ಎಂದುಕೊಂಡಳು ಭುವನಾ.

"ಮೊದಲನೇ ಸಲ ಬಿದ್ದದ್ದು?" ಎಂದು ಕೇಳಿದ ಕಡೆಗೆ. "ಅದು ಯಾರು?"

"ಅದು ನಾನ."

"ಖರೇ?"

"ಖರೇ ಅಪ್ಪಾ."

"ಅದು ನೀನಾಗಿದ್ರ ಸಾಕು," ಎಂದ ಫಕ್ಕೀರಪ್ಪ. "ಎದ್ದದ್ದರ ಮಾತು ಸುಮ್ಮನ ದೊಡ್ಡದಾಗಿ ಆಡಿದೆ. ಬಿದ್ದದ್ದರ ಮಾತು ಆಡಾಕ ಆಗಲಿಲ್ಲ ನನಗ. ನೀ ಬಿದ್ದಾಗ ನಾ ಎದ್ದ ನಿಂತಿದ್ದೆ. ಓಡಿ ಬರಾವಿದ್ದೆ, ಬಾಜೂದಾವ ಅಂಗಿ ಹಿಡದು ಕುಂಡ್ರಿಸಿದ. ಎಲ್ಲಾರೂ ವನ್ಸ್‌ಮೋರ್ ಕೂಗಿದ್ರು, ನಾ ಒಬ್ಬಾವ ಕೂಗಲಿಲ್ಲ. ಮಗಳು ಇನ್ನೊಮ್ಮೆ ಸಾಯಲಿ ಅಂತ ಹೆಂಗ ಕೂಗಲವ್ವಾ?"

ಭುವನಾ ಅಪ್ಪನ ಪಕ್ಕದಲ್ಲಿ ಹೋಗಿ ಕೂತಳು. ಅವನು ಛತ್ರಿಯನ್ನು ಅವಳ ಮಡಿಲಿಗೆ ಹಾಕಿದ, ಬೇರೇನೂ ತೋಚದವನಂತೆ.

"ಮುಂದಿನ ಆಟಕ್ಕ ನಾ ಮುಂದಿನ ಸಾಲಿನಾಗ ಕುಂದ್ರಾವ ಮಾಸ್ತರ," ಎಂದ ಯೂಸುಫಸಾಬರಿಗೆ. "ಬರದ ಇಟಗೋರಿ."

ಗೋದೂಬಾಯಿ ಕೈಚಾಚಿ ಭುವನಾಳ ಕೆನ್ನೆಯ ಬಣ್ಣ ಸವರಿ, ಬೆರಳನ್ನು ಹಣೆಗೆ ಒತ್ತಿಕೊಂಡರು. "ನೀ ಒಬ್ಬಾಕಿ ಹೇಳಿದಿ," ಎಂದರು. "ಅವರ ಚಪ್ಪಾಳಿ ಅವರಿಗೆ ಕೊಟ್ಟಿ. ಚಲೋ ಮನೀ ಹುಡುಗಿ."

ಆಗ ಸ್ನೇಹಾ ಕುಳಿತಲ್ಲೇ ಒಂದು ಸಣ್ಣ ದನಿಯಲ್ಲಿ, "ಆಯಿ," ಎಂದಳು. ಕೈಯಲ್ಲಿದ್ದ ಮಿರ್ಚಿ ಹಾಗೇ ಇತ್ತು. "ನಾ ಮುಖಾ ನೋಡಲಿಲ್ಲ ಆಯಿ. ಲೈಟು ಕಣ್ಣಿಗೆ ಹೊಡೀತಿತ್ತು. ಭುವಿ ಎಷ್ಟ ಎತ್ತರ ಕಾಣತಾಳ ಅಂತ ಅನಸ್ತು ಅಷ್ಟ. ಚೂರಿ ಎತ್ತಿದ್ದೆ. ಅಷ್ಟರಾಗ ಗುಡುಗಿತು, ಕರೆಂಟ ಹೋತು, ನಾ ಓಡಿ ಬಂದೆ."

"ಅಂದ್ರ?" ಎಂದರು ಯೂಸುಫಸಾಬರು.

"ಎರಡನೇ ಸಲ ನಾ ಚೂರಿ ಹಾಕಲೇ ಇಲ್ಲ ಕಾಕಾ."

ಸ್ನೇಹಾ ನಡುವಿಗೆ ಸಿಕ್ಕಿಸಿದ್ದ ಕಟ್ಟಿಗೆಯ ಚೂರಿಯನ್ನು ತೆಗೆದು, ಎರಡೂ ಕೈಯಲ್ಲಿ ಗೋದೂಬಾಯಿಯ ಮುಂದೆ ಹಿಡಿದಳು.

"ನೀವ ಹೋಗಿ ಮುಗಿಸಿ ಬರ್ರಿ ಆಯಿ. ನಿಮ್ಮ ಪಾರ್ಟ ಅದು. ನನಗ ಅಂಜಿಕಿ ಬರತೈತಿ."

ಗೋದೂಬಾಯಿ ಚೂರಿ ತೆಗೆದುಕೊಂಡು ಬಾಗಿಲಿಗೆ ಹೋದರು. ಭುವನಾ ಲಾಟೀನು ಹಿಡಿದು ಹಿಂದೆ ನಿಂತಳು. ಬಯಲಿನಲ್ಲಿ ನೆಲವೇ ಕಾಣುತ್ತಿರಲಿಲ್ಲ. ಶಾಲೆಯ ಗೋಡೆಯಿಂದ ರಸ್ತೆಯ ಅಂಚಿನ ತನಕ ನೀರು ನಿಂತು, ಗಾಳಿಗೆ ಸಣ್ಣಗೆ ತೆರೆ ಏಳುತ್ತಿತ್ತು. ಅದರ ನಡುವೆ ಪರದೆ ಹರಿದು ಜೋತ ರಂಗ, ರಂಗದ ಮೇಲೆ ಹಡಗಿನ ಕಪ್ಪು ಮೈ. ಅಟ್ಟದ ಮೇಲೆ ಏನಾದರೂ ಇತ್ತೋ ಇಲ್ಲವೋ, ಲಾಟೀನಿನ ಬೆಳಕು ಅಲ್ಲಿಯ ತನಕ ಹೋಗುತ್ತಿರಲಿಲ್ಲ. ಗೋದೂಬಾಯಿ ಮಾತ್ರ ಸೆರಗು ಸರಿಮಾಡಿಕೊಂಡರು, ಮನೆಯ ಹಿರಿಯರು ಎದುರು ಬಂದಾಗ ಮಾಡುವ ಹಾಗೆ.

ಆಮೇಲೆ ಚೂರಿಯನ್ನು ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗಿದರು.

"ನಾ ಹಾಕಂಗಿಲ್ಲ," ಎಂದರು. "ಇಷ್ಟ ವರ್ಸ ಯಾರ್ಯಾರದೋ ಕೈಲೆ ಚೂರಿ ತಿಂದು ತಿಂದು ಮಲಗ್ಯಾರ ಅವರು. ಇವತ್ತ ತಿಂದಿಲ್ಲ. ಎದ್ದಾರ, ಬಿದ್ದಿಲ್ಲ. ಯೂಸುಫಾ, ನಾಳಿ ಮುಂಜಾನೆ ಹಲಗಿ ಬಿಚ್ಚಾಕ ಆಳು ಬಂದ್ರ, ಹತ್ತರ ಹೋಗೂಮುಂದ ಒಂದೀಟ ಕೆಮ್ಮಿ ಹೋಗ್ರಿ ಅಂತ ಹೇಳು… ಹಡಗ ಇನ್ನೂ ಅಲ್ಲೇ ಇದ್ರ. ಕಡ್ಡಿಪೆಟಗಿ ನೋಡಿ ಮಾಡಿದ ಹಡಗಿನ ಮ್ಯಾಲ, ಒಣ ನೆಲದಾಗ, ಆ ಮನಷಾ ಇಷ್ಟ ಮಂದೀನ ಅಂಜಿಸಿದ್ದ. ಇವತ್ತ ಸುತ್ತ ಖರೇ ನೀರ ಬಂದೈತಿ… ಇನ್ನ ಸುಮ್ಮನ ನಿಂದರತಾನ ಅಂತೀರೇನು?"